ಪರೀಕ್ಷೆ ಬಸುರಿಗೆ ಮಾತ್ರ ಯಾಕೆ?



ನಿಮ್ಮ ಮನೆಯಲ್ಲೋ ಓಣಿಯಲ್ಲೋ ಬಸುರಿ ಹೆಣ್ಣುಮಗಳಿದ್ದರೆ ಆಕೆಯ ತಾಯಿ ಕಾರ್ಡನ್ನು ಒಮ್ಮೆ ಇಸಿದುಕೊಂಡು ನೋಡಿರಿ. ತೂಕ, ಬಿ.ಪಿ., ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ಧನುರ್ವಾಯುವಿನ ಸೂಜಿ, ಇವೆಲ್ಲ ನಮಗೆ ಗೊತ್ತಿದ್ದ ಸಂಗತಿಗಳೇ. ಸಂಘದ ಸಭೆಯಲ್ಲಿ 'ನಿನಗ ರಕ್ತ ಎಷ್ಟೈತಿ?' ಎಂದು ಒಬ್ಬರನ್ನೊಬ್ಬರು ಸಹಜವಾಗಿ ಕೇಳುತ್ತೇವೆ. ಆದರೆ ಅದೇ ಕಾರ್ಡಿನಲ್ಲಿ, ಇಲ್ಲವೇ ಅದಕ್ಕೆ ಪಿನ್ ಹಾಕಿದ ಲ್ಯಾಬಿನ ಚೀಟಿಯಲ್ಲಿ, ಇನ್ನೂ ಮೂರು ಪರೀಕ್ಷೆಗಳ ಹೆಸರು ಇರುತ್ತವೆ. ವಿ.ಡಿ.ಆರ್.ಎಲ್., ಎಚ್.ಐ.ವಿ., ಹೆಪಟೈಟಿಸ್ ಬಿ. ಇವುಗಳ ಬಗ್ಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಎಚ್.ಐ.ವಿ. ಅಂದರೆ ಏನೆಂದು ಬಹಳ ಜನರಿಗೆ ಗೊತ್ತು. ಗೊತ್ತಿರುವುದರಿಂದಲೇ ಬಾಯಿಬಿಡುವುದಿಲ್ಲ. ವಿ.ಡಿ.ಆರ್.ಎಲ್. ಎಂದರೆ ಏನೆಂದು ಕೇಳಿದರೆ, ನಾಲ್ಕು ಮಕ್ಕಳನ್ನು ಹೆತ್ತು ನಾಲ್ಕು ಸಲ ಆ ಪರೀಕ್ಷೆ ಮಾಡಿಸಿಕೊಂಡ ಹೆಂಗಸಿಗೂ ಹೇಳಲು ಬರಲಿಕ್ಕಿಲ್ಲ. ಅದು ಸಿಫಿಲಿಸ್ ಎಂಬ ಲೈಂಗಿಕ ರೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಮಾಡುವ ರಕ್ತಪರೀಕ್ಷೆ.

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಬರೆಯುವ ಪತ್ರಿಕೆಗೆ ಈ ರಕ್ತಪರೀಕ್ಷೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಉಸಾಬರಿ ಇದೆ. ಗಂಡ ಹೆಂಡತಿ ಇಬ್ಬರ ನಡುವೆ ಹರಡುವ ರೋಗವನ್ನು ನಮ್ಮ ವ್ಯವಸ್ಥೆ ಒಬ್ಬರ ಮೈಯಲ್ಲಿ ಮಾತ್ರ ಹುಡುಕುತ್ತದೆ. ಆ ಒಬ್ಬರು ಯಾವಾಗಲೂ ಹೆಣ್ಣೇ. ಅದೂ ಆಕೆ ಬಸುರಿಯಾದಾಗ, ಅಂದರೆ ಮನೆ ಬಿಟ್ಟು ಹೋಗಲು, ಎದುರು ಮಾತಾಡಲು, ದುಡಿದು ತಿನ್ನಲು ಅತ್ಯಂತ ಕಡಿಮೆ ಶಕ್ತಿ ಇರುವ ಹೊತ್ತಿನಲ್ಲಿ. ಹೀಗೆ ಹುಡುಕಿದಾಗ ಸಿಕ್ಕಿತೆನ್ನಿ, ಮನೆಯಲ್ಲಿ ಅಪರಾಧಿ ಯಾರೆಂದು ಬೇರೆ ಹೇಳಬೇಕೇ?

ನಾನು ಈ ಪರೀಕ್ಷೆಯ ವಿರುದ್ಧ ಬರೆಯುತ್ತಿಲ್ಲ, ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಪರೀಕ್ಷೆ ಬೇಕು. ಎಲ್ಲ ಬಸುರಿಯರಿಗೂ ಬೇಕು, ಬೇಗ ಬೇಕು.

ಸಿಫಿಲಿಸ್‌ನ ಸಂಗತಿಯನ್ನೇ ತೆಗೆದುಕೊಳ್ಳಿ. ಈ ರೋಗ ಮೊದಲು ನೋವಿಲ್ಲದ ಒಂದು ಹುಣ್ಣಾಗಿ ಕಾಣಿಸುತ್ತದೆ. ಗಂಡಸಿಗಾದರೆ ಕಣ್ಣಿಗೆ ಬೀಳುತ್ತದೆ. ಹೆಂಗಸಿಗೆ ಒಳಗೇ ಇದ್ದು, ತಾನಾಗಿಯೇ ಒಣಗಿ ಹೋಗುತ್ತದೆ. ಆಮೇಲೆ ಕೆಲವರಿಗೆ ಮೈಮೇಲೆ ಗಂಧೆ ಎದ್ದು ಹೋಗುತ್ತದೆ. ಅದೂ ಮಾಯವಾದ ಮೇಲೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ. ರೋಗಾಣು ಮಾತ್ರ ರಕ್ತದಲ್ಲಿ ಇದ್ದೇ ಇರುತ್ತದೆ. ಹೀಗಿರುವ ಹೆಂಗಸು ಬಸುರಿಯಾದರೆ ಅದು ಕೂಸಿಗೆ ದಾಟಬಹುದು. ಸತ್ತು ಹುಟ್ಟುವ ಕೂಸು, ದಿನ ತುಂಬುವ ಮೊದಲೇ ಹುಟ್ಟುವ ಕೂಸು, ಹುಟ್ಟಿ ಕೆಲವೇ ದಿನ ಬದುಕುವ ಕೂಸು, ಇಂಥವುಗಳ ಹಿಂದೆ ಹಲವು ಸಲ ಇರುವುದು ಇದೇ. ಚಿಕಿತ್ಸೆ ಸಿಗದ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಬಸಿರುಗಳಿಗೆ ಹೀಗೆ ಏನಾದರೊಂದು ಕೇಡಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2016ರ ಒಂದೇ ವರ್ಷದಲ್ಲಿ ಲೋಕದಲ್ಲೆಲ್ಲ ಸುಮಾರು 6,61,000 ಬಸಿರುಗಳಲ್ಲಿ ಸಿಫಿಲಿಸ್ ತಾಯಿಯಿಂದ ಮಗುವಿಗೆ ದಾಟಿತು. ಅದರಲ್ಲಿ ಎರಡು ಲಕ್ಷದಷ್ಟು ಕೂಸುಗಳು ಹೊಟ್ಟೆಯಲ್ಲೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತವು.

ನಮ್ಮ ಕಡೆ ಮೇಲಿಂದ ಮೇಲೆ ಬಸಿರು ಇಳಿಯುವ ಹೆಣ್ಣುಮಗಳಿಗೆ ಏನೇನು ಹೇಳುತ್ತಾರೆ ಎಂಬುದು ನಿಮಗೆ ಗೊತ್ತು. ಗಾಳಿ ಸೋಂಕು, ದೃಷ್ಟಿ, ಪೂರ್ವಜನ್ಮದ ಪಾಪ, 'ಆಕೀ ಕಾಲ್ಗುಣಾನ ಸರಿಯಿಲ್ಲ'. ಇನ್ನೊಂದು ಮದುವೆಯ ಮಾತು ಏಳುವುದೂ ಇಲ್ಲಿಂದಲೇ. ಎಷ್ಟೋ ಸಲ ಆ ಪಾಪ ಒಂದು ಸೂಜಿಯಿಂದ ಹೋಗುವಂಥದು.

ಆ ಸೂಜಿ ಪೆನಿಸಿಲಿನ್. ಸಿಫಿಲಿಸ್‌ಗೆ ಪೆನಿಸಿಲಿನ್ ಕೊಡತೊಡಗಿದ್ದು 1943ರಲ್ಲಿ. ಇಷ್ಟು ವರ್ಷಗಳಾದರೂ ಆ ರೋಗಾಣು ಈ ಔಷಧಿಗೆ ಬಗ್ಗದೆ ಉಳಿದಿಲ್ಲ. ಬೆಂಜಥೀನ್ ಪೆನಿಸಿಲಿನ್ ಎಂಬ ನಿಧಾನವಾಗಿ ಕರಗುವ ಬಗೆಯದನ್ನು 24 ಲಕ್ಷ ಯೂನಿಟ್ಟಿನ ಪ್ರಮಾಣದಲ್ಲಿ ಕುಂಡೆಗೆ ಹಾಕುತ್ತಾರೆ. ರೋಗ ಇತ್ತೀಚಿನದಾದರೆ ಒಂದೇ ಸಲ, ಹಳೆಯದಾದರೆ ಅಥವಾ ಎಷ್ಟು ಹಳೆಯದೆಂದು ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ಸಲ. ಹೆರಿಗೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಇದು ಸಿಕ್ಕಿರಬೇಕು, ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಅದಕ್ಕೇ ಮೊದಲ ಮೂರು ತಿಂಗಳಲ್ಲೇ ಹೆಸರು ಬರೆಸಿ ಎಂದು ಆಶಾ ಕಾರ್ಯಕರ್ತೆಯರು ಬೆನ್ನು ಹತ್ತುವುದು. ಬರೀ ಅವರ ಲೆಕ್ಕ ತುಂಬಲಿಕ್ಕೆ ಅಲ್ಲ. ಒಂದು ತೊಡಕೂ ಇದೆ. ಪೆನಿಸಿಲಿನ್ ಕೆಲವರ ಮೈಗೆ ಒಗ್ಗದೆ ಅಪಾಯವಾಗುವ ಹೆದರಿಕೆಯಿಂದ ಸಣ್ಣ ಆಸ್ಪತ್ರೆಗಳಲ್ಲಿ ಇದನ್ನು ಹಾಕಲು ಹಿಂದೆಮುಂದೆ ನೋಡುತ್ತಾರೆ, 'ದೊಡ್ಡ ದವಾಖಾನಿಗೆ ಹೋಗ್ರಿ' ಎಂದು ಚೀಟಿ ಬರೆಯುತ್ತಾರೆ. ಚೀಟಿ ಹಿಡಿದು ಹೊರಟವರೆಲ್ಲ ಮುಟ್ಟುವುದಿಲ್ಲ. ಬಸುರಿಯ ಹೊಟ್ಟೆಯಲ್ಲಿರುವ ಕೂಸನ್ನು ನಂಬಿಕೆಯಿಂದ ಉಳಿಸುವ ಬೇರೆ ಔಷಧಿ ಇಲ್ಲ ಎಂಬುದನ್ನು ಚೀಟಿ ಬರೆಯುವವರು ಮರೆಯಬಾರದು.

ಎಚ್.ಐ.ವಿ.ಯ ಮಾತೂ ಹಾಗೆಯೇ. ಏನೂ ಚಿಕಿತ್ಸೆ ಇಲ್ಲದಿದ್ದರೆ, ಮೊಲೆಹಾಲಿನ ದಾರಿಯೂ ಸೇರಿ, ನೂರರಲ್ಲಿ 15ರಿಂದ 45 ಕೂಸುಗಳಿಗೆ ಅದು ತಾಯಿಯಿಂದ ಬರುತ್ತದೆ. ತಾಯಿ ಮಾತ್ರೆ ನುಂಗುತ್ತಿದ್ದರೆ, ಹುಟ್ಟಿದ ಕೂಸಿಗೂ ಔಷಧಿ ಕೊಟ್ಟರೆ, ಅದು ನೂರಕ್ಕೆ ಐದಕ್ಕಿಂತ ಕೆಳಗೆ ಬರುತ್ತದೆ. ಚೆನ್ನಾಗಿ ನಡೆದಲ್ಲಿ ಎರಡಕ್ಕಿಂತಲೂ ಕೆಳಗೆ. ನಮ್ಮ ದೇಶದಲ್ಲಿ 2014ರಿಂದ ಸೋಂಕು ಕಂಡ ಪ್ರತಿ ಬಸುರಿಗೂ ಆ ದಿನದಿಂದಲೇ, ಬದುಕಿರುವವರೆಗೆ, ಮಾತ್ರೆ ಕೊಡಬೇಕೆಂಬ ನಿಯಮವಿದೆ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಇದಕ್ಕಾಗಿಯೇ ಎ.ಆರ್.ಟಿ. ಕೇಂದ್ರವಿದೆ. ಮಾತ್ರೆಗೆ ದುಡ್ಡಿಲ್ಲ. ಹೆಪಟೈಟಿಸ್ ಬಿ ಇದ್ದರೆ ಕೂಸು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು, ಅದಕ್ಕೆ ಆಸ್ಪತ್ರೆಯವರಿಗೆ ಮೊದಲೇ ತಿಳಿದಿರಬೇಕು. ಕ್ಯೂಬಾ ದೇಶ 2015ರಲ್ಲಿ ತಾಯಿಯಿಂದ ಮಗುವಿಗೆ ಹೋಗುವ ಎಚ್.ಐ.ವಿ. ಮತ್ತು ಸಿಫಿಲಿಸ್ ಎರಡನ್ನೂ ನಿಲ್ಲಿಸಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಕ್ಯೂಬಾ ದೂರವಾಯಿತು ಎನ್ನುವವರಿಗೆ, 2019ರಲ್ಲಿ ಶ್ರೀಲಂಕಾ ಕೂಡ ಅದೇ ಮನ್ನಣೆ ಪಡೆಯಿತು. ಅವರ ಕೈಯಲ್ಲಿದ್ದದ್ದೂ ಇದೇ ಪರೀಕ್ಷೆ, ಇದೇ ಸೂಜಿ, ಇದೇ ಮಾತ್ರೆ.

ಹಾಗಾದರೆ ಜಗಳ ಎಲ್ಲಿದೆ?

ಸ್ವಲ್ಪ ಹಿಂದಿನ ಒಂದು ಮಾತು ಹೇಳುತ್ತೇನೆ. ನಮ್ಮ ದೇಶದಲ್ಲಿ ಎಚ್.ಐ.ವಿ. ಎಷ್ಟು ಹರಡಿದೆ ಎಂದು ಸರ್ಕಾರ ಲೆಕ್ಕ ಹಾಕುತ್ತಿದ್ದುದು ಹೇಗೆ ಗೊತ್ತೇ? 1998ರಿಂದ ದೇಶದಾದ್ಯಂತ ವ್ಯವಸ್ಥಿತವಾಗಿ ನಡೆದ ಸಮೀಕ್ಷೆಯಲ್ಲಿ, ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಬಂದ ಬಸುರಿಯರಿಂದ ವಿ.ಡಿ.ಆರ್.ಎಲ್. ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಮಿಕ್ಕಿದ್ದನ್ನು, ಹೆಸರು ತೆಗೆದುಹಾಕಿ, ಎಚ್.ಐ.ವಿ.ಗೆ ಪರೀಕ್ಷಿಸುತ್ತಿದ್ದರು. ಒಂದೊಂದು ಕೇಂದ್ರದಿಂದ 400 ಹೆಂಗಸರ ರಕ್ತ. ಹೆಸರಿಲ್ಲದ್ದರಿಂದ ಯಾರಿಗೆ ಸೋಂಕಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ, ಆ ಹೆಂಗಸಿಗೂ ತಿಳಿಯುತ್ತಿರಲಿಲ್ಲ. ಬಹಳ ವರ್ಷ ಹೀಗೆ ನಡೆಯಿತು. ಬಸುರಿಯರಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನರಿಗೆ ಸೋಂಕು ಕಂಡ ರಾಜ್ಯಗಳನ್ನು 'ಹೆಚ್ಚು ಹರಡಿದ ರಾಜ್ಯ' ಎಂದು ಕರೆದರು. ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ, ಆಂಧ್ರ, ತಮಿಳುನಾಡು, ಮಣಿಪುರ, ನಾಗಾಲ್ಯಾಂಡಿನ ಜೊತೆ ನಮ್ಮ ಕರ್ನಾಟಕವೂ ಇತ್ತು. ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳ ಹೆಸರು ಆಗ ಮತ್ತೆ ಮತ್ತೆ ಕೇಳಿಬರುತ್ತಿತ್ತು.

ತಜ್ಞರು ಇದಕ್ಕೆ ಕಾರಣ ಕೊಡುತ್ತಾರೆ. ಹೆಸರು ಇಲ್ಲದಿದ್ದರೆ ಗುಟ್ಟು ಒಡೆಯುವುದಿಲ್ಲ, ಬೇರೆ ಯಾವ ಆರೋಗ್ಯವಂತ ಜನರೂ ಹೀಗೆ ಸಾಲುಗಟ್ಟಿ ಆಸ್ಪತ್ರೆಗೆ ಬಂದು ರಕ್ತ ಕೊಡುವುದಿಲ್ಲ ಎಂದು. ಕಾರಣ ಸರಿಯೇ ಇರಬಹುದು. ಆದರೂ ಈ ಮಾತು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಒಂದಿಡೀ ನಾಡಿನ ಗಂಡಸರ ನಡವಳಿಕೆಯನ್ನು ಅಳೆಯಲು ಬಸುರಿಯರ ತೋಳಿನಿಂದ ರಕ್ತ ತೆಗೆದರು. ಕೈಗೆ ಸುಲಭವಾಗಿ ಸಿಗುವವಳು ಅವಳು. ಅವಳು ಸಾಲಿನಲ್ಲಿ ನಿಲ್ಲುತ್ತಾಳೆ, ತೋಳು ಚಾಚು ಎಂದರೆ ಚಾಚುತ್ತಾಳೆ, ಯಾಕೆ ಎಂದು ಕೇಳುವುದಿಲ್ಲ. ಆ ರೂಢಿಯೇ ಇಂದಿಗೂ ನಡೆದು ಬಂದಿದೆ. ಈಗ ಹೆಸರು ಸೇರಿದೆ, ಅವಳಿಗೆ ಫಲಿತಾಂಶ ಹೇಳುತ್ತಾರೆ, ಚಿಕಿತ್ಸೆ ಕೊಡುತ್ತಾರೆ. ಇದು ದೊಡ್ಡ ಸುಧಾರಣೆ, ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ಇನ್ನೂ ಒಂದೇ ಇದೆ, ಅದರೊಳಗೆ ಹೋಗುವವಳು ಹೆಂಡತಿ ಮಾತ್ರ. ಅವಳಲ್ಲಿ ಸೋಂಕು ಕಂಡ ಮೇಲೆ 'ಗಂಡನನ್ನೂ ಕರಕೊಂಡು ಬಾ' ಎನ್ನುತ್ತಾರೆ. ಕರೆತರುವ ಕೆಲಸವನ್ನೂ ಅವಳ ತಲೆಗೇ ಕಟ್ಟುತ್ತಾರೆ.

ಆಕೆ ಮನೆಗೆ ಹೋಗಿ ಏನೆಂದು ಹೇಳಬೇಕು? ಚಿಕಿತ್ಸೆಯ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು, 'ಇದು ನನಗ, ಇದು ನಿಮಗ' ಎನ್ನಬೇಕು. ಎಂದ ಕ್ಷಣವೇ ಮನೆಯಲ್ಲಿ ನ್ಯಾಯಪಂಚಾಯಿತಿ ಸೇರುತ್ತದೆ. 'ನನಗೇನಾಗೇತಿ? ನಾ ಗಟ್ಟಿ ಅದೀನಿ. ನಿನ್ನ ರಕ್ತದಾಗ ಬಂದೈತಿ ಅಂದ್ರ ನೀನ ಎಲ್ಲಿಂದ ತಂದೀ ಹೇಳು.' ಅತ್ತೆಯ ಮಾತು ಇನ್ನೊಂದು: 'ತವರಮನಿಯಿಂದ ಬಂಗಾರ ತಾ ಅಂದ್ರ ಇದನ್ನ ತಂದಳ ನೋಡ್ರಿ.' ಬಾಕಿ ಉಳಿದ ವರದಕ್ಷಿಣೆ, ಕೊಡುತ್ತೇನೆಂದು ಕೊಡದ ಬೈಕು, ಎಲ್ಲವೂ ಆ ಹೊತ್ತಿಗೆ ಮೇಲೆ ಬರುತ್ತವೆ. ಹೊಡೆಯಲು ಕಾರಣ ಹುಡುಕುವವನಿಗೆ ಸರ್ಕಾರಿ ಮುದ್ರೆ ಬಿದ್ದ ಕಾಗದವೇ ಸಿಕ್ಕಂತಾಯಿತು. ಇದು ಎಲ್ಲೋ ಅಪರೂಪಕ್ಕೆ ಸಿಟ್ಟು ಬರುವ ಮನೆಗಳ ಮಾತು ಎಂದು ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದಲ್ಲೇ ಅತಿ ಹೆಚ್ಚು ನಮ್ಮದು. ಇಂಥ ನಾಡಿನಲ್ಲಿ ಹೆಂಡತಿಯೊಬ್ಬಳ ಕೈಗೆ ಆ ಚೀಟಿ ಕೊಟ್ಟು ಕಳಿಸುವುದೆಂದರೆ ಏನೆಂದು ನೀವೇ ಯೋಚಿಸಿ.

ಈ ರೋಗದ ಹೆಸರಿನಲ್ಲೇ ದೂರು ಇದೆ. ನಮ್ಮವರು ಇದನ್ನು ಪರಂಗಿ ರೋಗ ಎಂದರು, ಅಂದರೆ ಪರದೇಶದ ಬಿಳಿಯರು ತಂದದ್ದು ಎಂದು. ಹದಿನಾರನೆಯ ಶತಮಾನದ ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದಲ್ಲೇ ಇದಕ್ಕೆ ಫಿರಂಗರೋಗ ಎಂಬ ಹೆಸರಿದೆ. ಆ ಬಿಳಿಯರೊಳಗೆ ಇಟಲಿಯವರು ಇದನ್ನು ಫ್ರೆಂಚರ ರೋಗ ಎಂದರು, ಫ್ರೆಂಚರು ನೇಪಲ್ಸಿನ ರೋಗ ಎಂದರು. ಯಾರೂ ತಮ್ಮದೆನ್ನಲಿಲ್ಲ. ದೇಶದೇಶಗಳೇ ಹೀಗೆ ಮಾಡಿದ ಮೇಲೆ ಗಂಡ ಎಂಬುವನು ಹೆಂಡತಿಯ ಕಡೆ ಬೆರಳು ಮಾಡಿದ್ದರಲ್ಲಿ ಆಶ್ಚರ್ಯವೇನು?

ಆದ್ದರಿಂದ ನಮ್ಮ ಸಂಘದ ಪ್ರತಿಯೊಬ್ಬ ಹೆಂಗಸಿಗೂ ಈ ಮಾತು ಬಾಯಿಪಾಠವಾಗಿರಬೇಕು: ಯಾರ ರಿಪೋರ್ಟು ಮೊದಲು ಬಂತು ಎಂಬುದಕ್ಕೂ ಯಾರಿಗೆ ರೋಗ ಮೊದಲು ಬಂತು ಎಂಬುದಕ್ಕೂ ಸಂಬಂಧವೇ ಇಲ್ಲ. ಹೆಂಡತಿಯದು ಮೊದಲು ಬರುವುದು ಅವಳು ಬಸುರಿಯಾದಳೆಂಬ ಒಂದೇ ಕಾರಣಕ್ಕೆ. ಗಂಡಸಿಗೆ ಬಸಿರಿಲ್ಲ, ಹೀಗಾಗಿ ಅವನ ರಕ್ತವನ್ನು ಯಾರೂ ಕೇಳುವುದಿಲ್ಲ. ಯಾವ ರಕ್ತಪರೀಕ್ಷೆಯೂ ರೋಗ ಯಾರಿಂದ ಯಾರಿಗೆ ದಾಟಿತು ಎಂದು ಹೇಳಲಾರದು. ಇನ್ನೊಂದು ಸೂಕ್ಷ್ಮವಿದೆ. ವಿ.ಡಿ.ಆರ್.ಎಲ್. ಪರೀಕ್ಷೆ ಕೆಲವೊಮ್ಮೆ ರೋಗವಿಲ್ಲದಿದ್ದರೂ ಇದೆ ಎಂದು ತೋರಿಸುತ್ತದೆ. ಬಸಿರೇ ಅದಕ್ಕೆ ಒಂದು ಕಾರಣವಾಗಬಹುದು. ಅದಕ್ಕೇ ಟಿ.ಪಿ.ಎಚ್.ಎ.ಯಂಥ ಎರಡನೆಯ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಅದಿಲ್ಲದೆ ಒಂದೇ ಚೀಟಿ ನೋಡಿ ಹೆಣ್ಣಿನ ಶೀಲದ ತೀರ್ಪು ಕೊಡುವುದು ಅನ್ಯಾಯ ಮಾತ್ರವಲ್ಲ, ವೈದ್ಯಶಾಸ್ತ್ರಕ್ಕೂ ವಿರುದ್ಧ. ತಿರುಗಾಮುರುಗಾ ಕೂಡ ಆಗುತ್ತದೆ. ಗಂಡ ಮೊದಲೇ ಗುಟ್ಟಾಗಿ ಚಿಕಿತ್ಸೆ ಪಡೆದಿದ್ದರೆ ಅವನ ವಿ.ಡಿ.ಆರ್.ಎಲ್. 'ಇಲ್ಲ' ಎಂದು ಬರಬಹುದು. ರೋಗ ಬಹಳ ಹಳೆಯದಾಗಿದ್ದರೂ ಹಾಗಾಗುವುದುಂಟು. ಬಸ್ ನಿಲ್ದಾಣದ ಸುತ್ತಿನ ಗೋಡೆಗಳ ಮೇಲೆ 'ಗುಪ್ತರೋಗಕ್ಕೆ ಖಾತ್ರಿ ಚಿಕಿತ್ಸೆ' ಎಂದು ಬರೆದದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿಗೆ ಹೋಗುವವರು ಯಾರು? ಗಂಡಸರೇ. ಅಲ್ಲಿಂದ ಬಂದು ಹೆಂಡತಿಗೆ ಹೇಳಿದವನನ್ನು ನಾನಂತೂ ಕೇಳಿಲ್ಲ. ಹೇಳಿದ್ದರೆ ಅವಳಿಗೂ ಚಿಕಿತ್ಸೆ ಆಗುತ್ತಿತ್ತು, ಕೂಸು ಉಳಿಯುತ್ತಿತ್ತು.

ಹೆಂಡತಿಗೆ ಮಾತ್ರ ಸೂಜಿ ಹಾಕಿ ಗಂಡನನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಡಾಕ್ಟರರೇ ಬೇಕಿಲ್ಲ. ಅವನಿಂದ ಅವಳಿಗೆ ಮತ್ತೆ ಬರುತ್ತದೆ. 'ಬ್ಯಾಡ' ಎನ್ನುವ ಅಧಿಕಾರ, 'ನಿರೋಧ್ ಹಾಕಿಕೋ' ಎನ್ನುವ ಅಧಿಕಾರ ಎಷ್ಟು ಹೆಂಡಂದಿರಿಗಿದೆ? ಇಲ್ಲೇ ಈ ಆರೋಗ್ಯದ ಮಾತು ನಮ್ಮ ಪತ್ರಿಕೆಯ ಮಾತಾಗುತ್ತದೆ.

ನಮ್ಮ ಕಡೆಯ ಒಂದು ರೂಢಿಯನ್ನೂ ಇಲ್ಲಿ ನೆನೆಯಬೇಕು. ಚೊಚ್ಚಲ ಬಸುರಿಗೆ ಕುಬಸ ಮಾಡಿ, ಮಡಿಲು ತುಂಬಿ, ತವರಿಗೆ ಕಳಿಸುತ್ತಾರೆ. ಒಳ್ಳೆಯ ರೂಢಿಯೇ. ಅತ್ತೆಮನೆಯ ದುಡಿತದಿಂದ ಒಂದಿಷ್ಟು ಬಿಡುಗಡೆ. ಆದರೆ ಇದರಿಂದ ಏನಾಗುತ್ತದೆ ನೋಡಿ. ಮೊದಲ ತಪಾಸಣೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಆಗಿರುತ್ತದೆ, ಹೆರಿಗೆ ನವಲಗುಂದದಲ್ಲೋ ಕಲಘಟಗಿಯಲ್ಲೋ ಕುಂದಗೋಳದಲ್ಲೋ. ರಕ್ತದ ಫಲಿತಾಂಶ ಒಂದು ಕಡೆ, ಬಸುರಿ ಇನ್ನೊಂದು ಕಡೆ. ಮೂರು ಸೂಜಿಯಲ್ಲಿ ಒಂದು ಬಿದ್ದು ಎರಡು ಉಳಿದರೆ ಕೇಳುವವರಿಲ್ಲ. ಆ ತಿಂಗಳುಗಳಲ್ಲಿ ಗಂಡನಂತೂ ಆಸ್ಪತ್ರೆಯ ದಿಕ್ಕಿಗೇ ಸುಳಿಯುವುದಿಲ್ಲ. ಹೆರಿಗೆ, ಬಾಣಂತನ, ತೊಟ್ಟಿಲು, ಎಲ್ಲ ಖರ್ಚೂ ತವರಿನದು. ನಾವು ವರದಕ್ಷಿಣೆಯ ಲೆಕ್ಕ ಬರೆಯುವಾಗ ಈ ಖರ್ಚನ್ನು ಬರೆಯುವುದೇ ಇಲ್ಲ, ಅದು ಬೇರೆ ಮಾತು. ಅಳಿಯನ ರೋಗಕ್ಕೆ ಮಗಳ ಚಿಕಿತ್ಸೆಯನ್ನೂ ಬಡ ತಂದೆತಾಯಿ ಮಾಡಿಸಿ, ಅದನ್ನೂ ಬೀಗರಿಗೆ ತಿಳಿಯದಂತೆ ಮುಚ್ಚಿಟ್ಟು, ಮಗಳನ್ನು ಮತ್ತೆ ಅದೇ ಮನೆಗೆ ಕಳಿಸುತ್ತಾರೆ. ಮುಚ್ಚಿಟ್ಟಿದ್ದಕ್ಕೆ ಅವರನ್ನು ಬೈಯುವ ಧೈರ್ಯ ನನಗಿಲ್ಲ. ಮಗಳ ಸಂಸಾರ ಉಳಿಯಲಿ ಎಂಬುದೇ ಅವರ ಆಸೆ. ಆದರೆ ಅಳಿಯನಿಗೆ ಚಿಕಿತ್ಸೆ ಆಗದೆ ಮಗಳು ಗುಣವಾಗುವುದಿಲ್ಲ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಕಾನೂನು ಏನನ್ನುತ್ತದೆ? ಎಚ್.ಐ.ವಿ. ಮತ್ತು ಏಡ್ಸ್ ತಡೆ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಮ್ಮ ಹೆಣ್ಣುಮಕ್ಕಳಿಗೆ ಇದರ ಹೆಸರೂ ಗೊತ್ತಿಲ್ಲ, ಆದರೆ ಇದರಲ್ಲಿ ನಮಗೆ ಬೇಕಾದ ಮಾತುಗಳಿವೆ. ತಿಳಿಸಿ ಹೇಳಿ, ಒಪ್ಪಿಗೆ ಪಡೆಯದೆ ಯಾರ ರಕ್ತವನ್ನೂ ಎಚ್.ಐ.ವಿ.ಗೆ ಪರೀಕ್ಷಿಸುವಂತಿಲ್ಲ. ಸೋಂಕಿದೆ ಎಂದು ಚಿಕಿತ್ಸೆ ಅಥವಾ ಹೆರಿಗೆ ನಿರಾಕರಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು 9ನೆಯ ಕಲಮು. ಸಾಮಾನ್ಯವಾಗಿ ಡಾಕ್ಟರು ಅಥವಾ ಆಪ್ತ ಸಮಾಲೋಚಕರು ಕೆಲವು ಷರತ್ತುಗಳ ಮೇಲೆ ಸೋಂಕಿತರ ಜೊತೆಗಾರರಿಗೆ ವಿಷಯ ತಿಳಿಸಬಹುದು. ಆದರೆ ಹೆಂಗಸಿನ ವಿಷಯದಲ್ಲಿ, ತಿಳಿಸಿದರೆ ಆಕೆಗೆ ಹೊಡೆತ ಬೀಳಬಹುದು, ಮನೆಯಿಂದ ಹೊರಹಾಕಬಹುದು, ಆಕೆಯ ಮಕ್ಕಳಿಗೋ ತಂದೆತಾಯಿಗೋ ಕೇಡಾಗಬಹುದು ಎಂಬ ಅಂಜಿಕೆ ಇದ್ದರೆ ಗಂಡನಿಗೆ ತಿಳಿಸಕೂಡದು ಎಂದು ಅದೇ ಕಲಮು ಹೇಳುತ್ತದೆ. ಅಂದರೆ ಈ ಚೀಟಿಯಿಂದ ಹೆಣ್ಣಿಗೆ ಪೆಟ್ಟು ಬೀಳುತ್ತದೆ ಎಂಬುದು ದಿಲ್ಲಿಯಲ್ಲಿ ಕಾಯ್ದೆ ಬರೆದವರಿಗೂ ಗೊತ್ತಿತ್ತು! ಅದೇ ಕಾಯ್ದೆಯ 29ನೆಯ ಕಲಮಿನ ಪ್ರಕಾರ ಸೋಂಕಿತಳನ್ನು ಆಕೆ ಇರುವ ಮನೆಯಿಂದ ಹೊರಹಾಕುವಂತಿಲ್ಲ. 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ಕಾಯ್ದೆಯೂ ಹೆಂಡತಿಗೆ ಗಂಡನ ಮನೆಯಲ್ಲಿ ಇರುವ ಹಕ್ಕನ್ನು ಕೊಟ್ಟಿದೆ, ಅದಕ್ಕೆ ರೋಗದ ಹೆಸರೇನೂ ಬೇಕಿಲ್ಲ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ನಾವೆಲ್ಲ 498ಎ ಎಂದು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ.

2017ರ ಕಾಯ್ದೆಯ ರಕ್ಷಣೆ ಎಚ್.ಐ.ವಿ.ಗೆ ಮಾತ್ರ. ಸಿಫಿಲಿಸ್ ಇದ್ದವಳ ಗುಟ್ಟು ಡಾಕ್ಟರರ ಮತ್ತು ನರ್ಸಮ್ಮನ ಒಳ್ಳೆಯತನದ ಮೇಲೆ ನಿಂತಿದೆ. ಹೊರರೋಗಿಗಳ ಸಾಲಿನಲ್ಲಿ ಹತ್ತು ಜನರ ಎದುರಿಗೆ 'ವಿ.ಡಿ.ಆರ್.ಎಲ್. ಬಂದದ್ದು ಯಾರಿಗಬೇ?' ಎಂದು ಕೂಗಿದರೆ ಯಾವ ಕಾಯ್ದೆಯ ಕಲಮು ತೋರಿಸೋಣ? ಜೊತೆಗೆ ಬಂದ ಅತ್ತೆಯ ಕೈಗೆ ಚೀಟಿ ಕೊಡುವುದಂತೂ ನಮ್ಮಲ್ಲಿ ತಪ್ಪೆಂದೇ ಯಾರಿಗೂ ಅನ್ನಿಸಿಲ್ಲ. ಸೊಸೆಯ ಮೈ ಅತ್ತೆಯ ಲೆಕ್ಕದ್ದು ಎಂದೇ ಎಲ್ಲರ ತಿಳಿವಳಿಕೆ.

ಮದುವೆಗೆ ಮೊದಲೇ ಗಂಡು ಹೆಣ್ಣು ಇಬ್ಬರಿಗೂ ಈ ಪರೀಕ್ಷೆ ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಜಾತಕದ ಬದಲು ರಕ್ತ ನೋಡಿ ಎನ್ನುವುದು ಕೇಳಲು ಚೆನ್ನಾಗಿದೆ. ನನಗಂತೂ ಒಪ್ಪಿಗೆಯಿಲ್ಲ. ಸೋಂಕು ತಗುಲಿದ ಮೊದಲ ಕೆಲವು ವಾರಗಳು, ಕೆಲವರಲ್ಲಿ ಮೂರು ತಿಂಗಳವರೆಗೂ, ಎಚ್.ಐ.ವಿ. ಪರೀಕ್ಷೆಯಲ್ಲಿ ತೋರದಿರಬಹುದು. ಮದುವೆಯ ದಿನ ಶುದ್ಧವಿದ್ದ ಕಾಗದ ಆಮೇಲಿನ ಇಪ್ಪತ್ತು ವರ್ಷಕ್ಕೆ ಜಾಮೀನಲ್ಲ. ಅದಕ್ಕಿಂತ ಹೆಚ್ಚಾಗಿ, ವರದಕ್ಷಿಣೆಯ ಮಾತುಕತೆ ನಡೆಯುವ ಜಮಖಾನೆಯ ಮೇಲೆ ಇನ್ನೊಂದು ಕಾಗದ ಬಂದು ಕೂತರೆ ಅದನ್ನು ಹೇಗೆ ಬಳಸುತ್ತಾರೆ ಎಂಬುದು ನಮಗೆ ಗೊತ್ತಿಲ್ಲವೇ? ಗಂಡಿನ ಕಾಗದದಲ್ಲಿ ಕಲೆ ಇದ್ದರೆ ದುಡ್ಡು ಕೊಟ್ಟು ಬೇರೆ ಕಾಗದ ತರುತ್ತಾರೆ. ಹೆಣ್ಣಿನದರಲ್ಲಿ ಇದ್ದರೆ ಊರೆಲ್ಲ ಡಂಗುರ. ಇಷ್ಟವಿದ್ದು ಇಬ್ಬರೂ ಕೂಡಿ ಮಾಡಿಸಿಕೊಂಡರೆ ಸಂತೋಷ. ಕಡ್ಡಾಯ ಬೇಡ.

ನಾವು ಕೇಳಬೇಕಾದ್ದು ಬೇರೆ. ಬಸುರಿಯ ಹೆಸರು ಬರೆಸುವ ದಿನವೇ ಗಂಡನ ಹೆಸರೂ ಬರೆಯಲಿ, ಅವನ ರಕ್ತಕ್ಕೂ ಅಲ್ಲೇ ಚೀಟಿ ಹರಿಯಲಿ, ಒಪ್ಪುವುದು ಬಿಡುವುದು ಅವನಿಗೆ ಬಿಟ್ಟದ್ದು. ಸೋಂಕು ಕಂಡ ಮೇಲೆ ಕರೆದರೆ ಅದು ಆರೋಪ. ಎಲ್ಲ ಗಂಡಂದಿರನ್ನೂ ಮೊದಲೇ ಕರೆದರೆ ಅದು ರೂಢಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರರಿಂದಲೇ ಉಚಿತ ತಪಾಸಣೆ 2016ರಿಂದ ನಡೆಯುತ್ತಿದೆ. ಈ ಪರೀಕ್ಷೆಗಳು ಅದರಲ್ಲಿ ಸೇರಿವೆ. ಅದೇ ದಿನವನ್ನು ಗಂಡಂದಿರ ದಿನವೂ ಮಾಡಲು ಏನು ಅಡ್ಡಿ? ಗಾರೆ ಕೆಲಸದವನು, ಲಾರಿ ಓಡಿಸುವವನು, ಎ.ಪಿ.ಎಂ.ಸಿ.ಯ ಹಮಾಲ, ದಿನದ ಕೂಲಿ ಬಿಟ್ಟು ಬರಲಾರ ಎನ್ನುತ್ತಾರೆ. ಹಾಗಾದರೆ ಹುಬ್ಬಳ್ಳಿ-ಧಾರವಾಡದಲ್ಲಿ ಒಂದೆರಡು ನಗರ ಆರೋಗ್ಯ ಕೇಂದ್ರಗಳಲ್ಲಾದರೂ ಸಂಜೆ ಹೊತ್ತು ರಕ್ತ ತೆಗೆಯಲಿ. ಹೆಂಡತಿಯೂ ಕೂಲಿ ಬಿಟ್ಟೇ ಬಂದಿರುತ್ತಾಳೆ ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. (ಲಾರಿ ಡ್ರೈವರರ ಹೆಸರು ಹೇಳಿದೆ ಎಂದು ಅವರನ್ನೇ ದೂರಬೇಡಿ. ಏಡ್ಸಿನ ಮಾತು ಬಂದಾಗಲೆಲ್ಲ ಹೆದ್ದಾರಿಯ ಕಡೆ ಕೈ ತೋರಿಸಿ, ಆಫೀಸಿನಲ್ಲಿ ಕೂತ ಗಂಡಸರು ಬಹಳ ವರ್ಷ ಪಾರಾಗಿದ್ದಾರೆ.)

ಸಂಘದಲ್ಲಿ ನಾವು ಮಾಡಬಹುದಾದ್ದೂ ಇದೆ. ತಪಾಸಣೆಗೆ ಹೋಗುವ ಸೊಸೆಯ ಜೊತೆ ಅತ್ತೆಯ ಬದಲು, ಅಥವಾ ಅತ್ತೆಯ ಜೊತೆಗೇ, ಸಂಘದ ಒಬ್ಬಾಕೆ ಹೋಗಲಿ. ಫಲಿತಾಂಶವನ್ನು ನನಗೊಬ್ಬಳಿಗೇ, ಒಳಗೆ ಕರೆದು ಹೇಳಿರಿ ಎಂದು ಕೇಳುವುದನ್ನು ಹುಡುಗಿಯರಿಗೆ ಕಲಿಸಿ. ಆ ಒಂದು ವಾಕ್ಯ ಹೇಳಲು ನಮ್ಮ ಹುಡುಗಿಯರಿಗೆ ಬಾಯಿ ಬರುವುದಿಲ್ಲ, ಸಭೆಯಲ್ಲೇ ನಾಲ್ಕು ಸಲ ಹೇಳಿಸಿ ರೂಢಿ ಮಾಡಿಸಬೇಕು. ಒಬ್ಬಳ ಫಲಿತಾಂಶ ಹೇಗೋ ಸಂಘಕ್ಕೆ ತಿಳಿದರೆ ಅದು ಸಂಘದ ಬಾಯಿಂದ ಹೊರಗೆ ಹೋಗಕೂಡದು. ಸಾಲ ಕಟ್ಟದವಳ ಹೆಸರನ್ನು ಓದಿ ಹೇಳುವಷ್ಟು ಸಲೀಸಾಗಿ ಇದನ್ನು ಹೇಳಿದ ಸಂಘ ಸಂಘವಲ್ಲ. ತವರಿಗೆ ಹೋಗುವವಳ ಕೈಯಲ್ಲಿ ಕಾರ್ಡು, ಚೀಟಿ, ಎಷ್ಟು ಸೂಜಿ ಬಿತ್ತು ಎಂಬ ಬರಹ ಇರಲಿ. ಬಿಳಿಸೆರಗು, ಉರಿಮೂತ್ರ, ಕೆಳಹೊಟ್ಟೆ ನೋವು ಇದ್ದರೆ ಬಾಯಿ ಬಿಟ್ಟು ಹೇಳಬೇಕು. ಬಸುರಿಯರಿಗೆ ಮಾಡುವ ಆ ಮೂರು ಪರೀಕ್ಷೆಗಳಲ್ಲಿ ಗೊನೊರಿಯಾ, ಕ್ಲಮೀಡಿಯಾದಂಥ ಸೋಂಕುಗಳು ಸಿಗುವುದಿಲ್ಲ. ಹುಟ್ಟಿದ ಎರಡು ಮೂರು ದಿನಕ್ಕೆ ಕೂಸಿನ ಕಣ್ಣು ಕೀವಿನಿಂದ ಅಂಟಿಕೊಂಡರೆ ಎಣ್ಣೆ, ಮೊಲೆಹಾಲು ಹಾಕುತ್ತ ಕೂಡದೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ದೃಷ್ಟಿಯೇ ಹೋಗಬಹುದು.

ಚೀಟಿಯ ಕಾರಣಕ್ಕೆ ಮನೆಯಲ್ಲಿ ಕೈ ಎತ್ತಿದರೆ, ಹೊರಗೆ ಹಾಕಿದರೆ, 181ಕ್ಕೆ ಫೋನ್ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾಧಿಕಾರಿ. ಅಂಗನವಾಡಿಯ ಮೂಲಕ ಅವರನ್ನು ಮುಟ್ಟುವುದು ನಮ್ಮ ಸ್ತ್ರೀಶಕ್ತಿ ಸಂಘದವರಿಗೆ ಕಷ್ಟವಲ್ಲ. ಎಚ್.ಐ.ವಿ. ಬಗ್ಗೆ ಹೆಸರು ಹೇಳದೆ ಕೇಳಲು 1097 ಇದೆ.

ಮುಂದಿನ ತಿಂಗಳು 9ಕ್ಕೆ ನಿಮ್ಮ ಓಣಿಯಿಂದ ಯಾರ್ಯಾರು ತಪಾಸಣೆಗೆ ಹೋಗುತ್ತಿದ್ದಾರೆ ಎಂದು ಈ ವಾರದ ಸಭೆಯಲ್ಲೇ ಕೇಳಿ ಬರೆದುಕೊಳ್ಳಿ. ಅವರ ಗಂಡಂದಿರಲ್ಲಿ ಎಷ್ಟು ಮಂದಿ ಜೊತೆಗೆ ಬಂದರು, ಬಂದವರ ರಕ್ತವನ್ನು ಆಸ್ಪತ್ರೆಯವರು ತೆಗೆದುಕೊಂಡರೋ ಅಥವಾ 'ನಿಮ್ಮದು ಬ್ಯಾಡ್ರಿ' ಎಂದು ಕಳಿಸಿದರೋ, ಅದನ್ನೂ ಬರೆದಿಡಿ. ಹುಬ್ಬಳ್ಳಿ, ಧಾರವಾಡ ಎರಡೂ ಕಡೆಯ ಹತ್ತು ಸಂಘಗಳು ಆರು ತಿಂಗಳು ಹೀಗೆ ಬರೆದಿಟ್ಟರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ಇಡಲು ನಮ್ಮದೇ ಒಂದು ಲೆಕ್ಕ ಸಿಗುತ್ತದೆ. ಯಾವ ಹೆಂಗಸಿನ ಹೆಸರೂ ಬೇಡ, ಫಲಿತಾಂಶವೂ ಬೇಡ. ಗಂಡಸರ ತಲೆ ಎಣಿಸಿದರೆ ಸಾಕು.